ಮಾಹೆಯಿಂದ ಬಾರದ ಫ್ರೆಂಚ್ ಪಾಲಿಶ್

ಫ್ರೆಂಚ್ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಂತೆಯಲ್ಲಿ ತರಕಾರಿಯವ ಫ್ರೆಂಚ್ ಬೀನ್ಸ್ ಎಂದು ಕೂಗಿದರೆ, ಅದು ಅವರ ಅಜ್ಜನ ಗದ್ದೆಯದ್ದಲ್ಲ ಮಾರಾಯ, ಅಮೆರಿಕ ಮೂಲದ ಬಳ್ಳಿ ಅದು, ಎಂದು ನಿಂತಲ್ಲೇ ಜಗಳ ತೆಗೆಯುತ್ತೇನೆ. ಟೈಲರು ಬಟ್ಟೆಯ ಮೇಲೆ ಗೆರೆ ಎಳೆಯುವ ಫ್ರೆಂಚ್ ಚಾಕ್ ಇದೆಯಲ್ಲ, ಅದು ನಾವು ಸ್ಲೇಟಿಗೆ ಗೀಚುತ್ತಿದ್ದ ಬಳಪದ ಕಲ್ಲಿನ ಜಾತಿಯದ್ದೇ. ಗಲ್ಲದಲ್ಲಿ ನಾಲ್ಕು ಕೂದಲು ಬಿಟ್ಟರೆ ಅದೂ ಫ್ರೆಂಚ್ ಗಡ್ಡ. ಹಾಗಾದರೆ ನಮ್ಮ ಹಟ್ಟಿಯ ಆಡಿಗೆ ಗಡ್ಡ ಬಿಡಲು ಕಲಿಸಿದವರು ಯಾರು? ಮುದುಕಿಗೆ ತಲೆ ಕೆಟ್ಟಿದೆ ಎಂದು ಜನ ನಗುತ್ತಾರೆ. ನಗಲಿ. ಅಂಥ ಒಂದು ಹೆಸರನ್ನು ನಂಬಿ ನಮ್ಮ ಜಗಲಿಯಲ್ಲಿ ಕೂತು ಕುಡಿದ ಇಬ್ಬರಲ್ಲಿ ಒಬ್ಬ ಸತ್ತ, ಇನ್ನೊಬ್ಬರ ಕಣ್ಣು ಹೋಯಿತು. ಕಣ್ಣು ಹೋದವರು ನನ್ನ ಗಂಡ.

ಮದರಾಸಿನ ಕೈಯಲ್ಲಿದ್ದ ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ಮರುವರ್ಷ ನನ್ನ ಮದುವೆಯಾಯಿತು. ನನಗೆ ಹತ್ತೊಂಬತ್ತು. ನರಿಮೊಗರಿನಲ್ಲಿ ಎಂಟನೆಯ ಕ್ಲಾಸಿನವರೆಗೆ ಓದಿದವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ಗಂಡ ಪುತ್ತೂರಿನಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹಾಕುವವರು. ಪೇಟೆಯಿಂದ ಸ್ವಲ್ಪ ಆಚೆ ಒಂದು ಬಾಡಿಗೆ ಮನೆ, ಅದರ ಜಗಲಿಯೇ ಕೆಲಸದ ಜಾಗ, ಒಳಗೆ ನಾನು ಮತ್ತು ಅತ್ತೆ.

ಅವರ ಕೈಕೆಲಸದ ಬಗ್ಗೆ ಸುಳ್ಳು ಹೇಳಲಾರೆ. ಬೀಟಿ ಮರದ ಮೇಜನ್ನು ಮೊದಲು ಮರಳು ಕಾಗದದಲ್ಲಿ ತಿಕ್ಕಿ, ಹಳೆಯ ಮುಂಡು ಪಂಚೆಯ ತುಂಡಿನೊಳಗೆ ಹತ್ತಿ ಕಟ್ಟಿ ಉಂಡೆ ಮಾಡಿ, ಅದನ್ನು ಪಾಲಿಶಿನಲ್ಲಿ ಅದ್ದಿ, ಸಣ್ಣ ಸಣ್ಣ ಸುತ್ತು ಹಾಕುತ್ತ ಉಜ್ಜುತ್ತಿದ್ದರು. ಅಂಟು ಹಿಡಿಯದ ಹಾಗೆ ನಡುನಡುವೆ ಒಂದು ತೊಟ್ಟು ಎಣ್ಣೆ. ಒಣಗಿದ ಮೇಲೆ ಪುನಃ. ಹೀಗೆ ಹದಿನೈದು ಇಪ್ಪತ್ತು ಸಲ. ಮೇಜಿನಲ್ಲಿ ಮುಖ ಕಾಣುವವರೆಗೆ ಬಿಡುತ್ತಿರಲಿಲ್ಲ. ಕೆಲಸ ಮುಗಿದ ಮೇಜಿನ ಮೇಲೆ ಯಾರಾದರೂ ಒಂದು ಗೀರು ಹಾಕಿದರೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ ಮನುಷ್ಯ. ಅದೇ ಕೈಯಲ್ಲಿ ನನಗೆ ಹೊಡೆಯುತ್ತಿದ್ದರು.

ಹೊಡೆಯಲು ಶುರುವಾದದ್ದು ಆ ಪಾಲಿಶಿನಿಂದಲೇ. ಆಗ ನಮ್ಮಲ್ಲಿ ಪಾನನಿಷೇಧ. ಸಾರಾಯಿ ಗಡಂಗುಗಳೆಲ್ಲ ಬಾಗಿಲು ಹಾಕಿದ್ದವು. ಕಳ್ಳಭಟ್ಟಿ ಇಟ್ಟವನೊಬ್ಬನನ್ನು ಬಸ್ಸಿಗೆ ಕಾಯುವ ಜನರ ಎದುರೇ ಒದ್ದು ಎಳೆದುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಆದರೆ ಪಾಲಿಶ್ ಕೆಲಸದವರಿಗೆ ಪರ್ಮಿಟು ಇತ್ತು, ತಿಂಗಳಿಗೆ ಇಷ್ಟು ಡಬ್ಬಿ ಎಂದು ಅಂಗಡಿಯಿಂದ ತರಬಹುದಿತ್ತು. ಡಬ್ಬಿಯ ಮೇಲೆ ಫ್ರೆಂಚ್ ಪಾಲಿಶ್ ಎಂದು ಬರೆದಿರುತ್ತಿತ್ತು.

ಮರದ ಲಾರಿ ಓಡಿಸುವ ಒಬ್ಬ ಡ್ರೈವರ್ ಮನೆಗೆ ಬರುತ್ತಿದ್ದ. ಕಡಬದ ಆಚೆ ಕಾಡು ಕಡಿದು ರಬ್ಬರು ಹಾಕುತ್ತಿದ್ದ ಕೇರಳದ ಕ್ರಿಶ್ಚಿಯನ್ ಮನೆಯೊಂದರವ, ನನಗಿಂತ ಒಂದೆರಡು ವರ್ಷ ಚಿಕ್ಕವ, ನನ್ನನ್ನು ಚೇಚಿ ಎಂದೇ ಕರೆಯುತ್ತಿದ್ದ. ಚೇಚಿ ಎಂದರೆ ಅವರಲ್ಲಿ ಅಕ್ಕ. ಅವ ತಲಶ್ಶೇರಿ ದಾಟಿ ಮಾಹೆಯ ತನಕ ಲಾರಿ ಹೊಡೆದವ. ಮಾಹೆಯಲ್ಲಿ ಮೊನ್ನೆ ಮೊನ್ನೆಯ ತನಕ ಫ್ರೆಂಚರ ಆಡಳಿತ ಇತ್ತು, ಈಗಲೂ ಅಲ್ಲಿ ರಸ್ತೆಯ ಎರಡು ಬದಿಯಲ್ಲೂ ಬ್ರಾಂದಿ ಅಂಗಡಿಗಳೇ, ಕೇಳುವವರಿಲ್ಲ ಎಂದು ವರ್ಣಿಸುತ್ತಿದ್ದ. ಅವ ಹೇಳಿದ್ದು ಅಷ್ಟೆ. ಉಳಿದದ್ದನ್ನು ನನ್ನ ಗಂಡ ಕಟ್ಟಿದರು. ಮಾಹೆ ಫ್ರೆಂಚರದ್ದು, ಪಾಲಿಶೂ ಫ್ರೆಂಚರದ್ದು, ಆದ್ದರಿಂದ ಇದು ಮಾಹೆಯ ಬ್ರಾಂದಿಯೇ ಎಂದು ತೀರ್ಮಾನ ಮಾಡಿದರು. ಗಡಿಯಲ್ಲಿ ಹಿಡಿಯಬಾರದೆಂದು ಅದಕ್ಕೆ ಅಂಟು ಬೆರೆಸಿ, ಮೇಜಿಗೆ ಹಚ್ಚುವ ಎಣ್ಣೆ ಎಂದು ಹೆಸರಿಟ್ಟು ಕಳುಹಿಸುತ್ತಾರಂತೆ. ಅಂಟು ತೆಗೆಯಲು ಗೊತ್ತಿದ್ದವನಿಗೆ ಬ್ರಾಂದಿ, ಗೊತ್ತಿಲ್ಲದವನಿಗೆ ಪಾಲಿಶ್. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಊರಲ್ಲಿ ಕಡಿಮೆಯೇ? ಮಾತು ಹಬ್ಬಿತು. ನನ್ನ ಗಂಡನಿಗೆ ಇದ್ದಕ್ಕಿದ್ದ ಹಾಗೆ ಗೌರವ ಬಂತು.

ಅಂಟು ತೆಗೆಯುವ ಕೆಲಸ ನನ್ನ ಪಾಲಿಗೆ. ಡಬ್ಬಿಯದ್ದನ್ನು ಪಾತ್ರೆಗೆ ಸುರಿದು ಉಪ್ಪುನೀರು ಹಾಕಿ ಕಲಕಿದರೆ ಒಡೆದ ಹಾಲಿನ ಹಾಗೆ ಅಂಟು ಬೇರೆಯಾಗುತ್ತಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ ಕೊಡಬೇಕು. ಅದರ ವಾಸನೆ ಎಷ್ಟು ತೊಳೆದರೂ ಕೈಯಿಂದ ಹೋಗುತ್ತಿರಲಿಲ್ಲ. ಒಂದು ದಿನ ನಾನು ಆಗುವುದಿಲ್ಲ ಎಂದೆ. ಮರಳು ಕಾಗದ ಸುತ್ತುವ ಮರದ ತುಂಡು ಅವರ ಕೈಯಲ್ಲಿತ್ತು. ಅದರಲ್ಲೇ ಭುಜಕ್ಕೆ ಬಿತ್ತು, ಬೆನ್ನಿಗೆ ಬಿತ್ತು, ತಡೆಯಲು ಹೋದ ಬೆರಳಿಗೆ ಬಿತ್ತು. ನಾನೂ ಸುಮ್ಮನಿರಲಿಲ್ಲ. ಅವರ ಮುಂಗೈಯನ್ನು ಕಚ್ಚಿ ಹಿಡಿದೆ, ಬಾಯಿಗೆ ರಕ್ತದ ರುಚಿ ಬರುವ ತನಕ ಬಿಡಲಿಲ್ಲ. ಅತ್ತೆ ನನ್ನ ಜುಟ್ಟು ಹಿಡಿದು ಎಳೆದ ಮೇಲೆ ಬಿಟ್ಟೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅವರು ಗಂಜಿ ಬಡಿಸಿದರು. ನಾನು ಎಡಗೈಯಲ್ಲಿ ಉಂಡೆ, ಬಲಗೈಯ ಎರಡು ಬೆರಳು ಬಾತಿದ್ದವು.

ಮಳೆಗಾಲ ಬಂದರೆ ಇನ್ನೂ ಕಷ್ಟ. ತೇವಕ್ಕೆ ಪಾಲಿಶ್ ಬಿಳಿ ಹಿಡಿಯುತ್ತದೆ, ಆದ್ದರಿಂದ ಕೆಲಸವಿಲ್ಲ. ಕೆಲಸವಿಲ್ಲದ ಕೈಗೆ ನಾನು ಸಿಗುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು, ಕಡಿಮೆಯಾದರೆ ಇನ್ನೊಂದು. ಒಂದು ಆಟಿ ತಿಂಗಳಲ್ಲಿ ನಾನು ಡಬ್ಬಿಯನ್ನು ಅಂಗಳಕ್ಕೆ ಎಸೆದೆ. ಅವರು ನನ್ನ ತಲೆಯನ್ನು ಹಟ್ಟಿಯ ಕಲ್ಲಿನ ಬಾನಿಯೊಳಗೆ ಅದುಮಿದರು, ಆಡು ಕುಡಿದು ಬಿಟ್ಟ ನೀರು ಮೂಗಿಗೆ ಹೋಯಿತು. ಮಾತಿನಲ್ಲಿ ಈಗಲೂ ಹೊಡೆದರು, ಅದುಮಿದರು ಎಂದು ಬಹುವಚನವೇ ಬರುತ್ತದೆ ನೋಡಿ. ಗಂಡನಿಗೆ ಬೇರೆ ರೀತಿಯಲ್ಲಿ ಹೇಳಲು ನಮಗೆ ಯಾರೂ ಕಲಿಸಲಿಲ್ಲ.

ಮದುವೆಯಾಗಿ ನಾಲ್ಕನೆಯ ಬೇಸಗೆ. ಅವರು ಕಾಣಿಯೂರಿನಲ್ಲಿ ಒಂದು ಮನೆಯ ಕೆಲಸ ಹಿಡಿದಿದ್ದರು, ಪಾಲಿಶ್ ಮುಗಿದಿತ್ತು. ಪರ್ಮಿಟು ಕೊಟ್ಟು ನನ್ನನ್ನೇ ಅಂಗಡಿಗೆ ಕಳುಹಿಸಿದರು. ಅಂಗಡಿಯ ಯಜಮಾನರು ಹಿಂದಿನ ಕೋಣೆಯಲ್ಲಿ ಡಬ್ಬಿ ತುಂಬಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮಾಹೆಯೂ ಇಲ್ಲ, ಬ್ರಾಂದಿಯೂ ಇಲ್ಲ. ಒಂದು ಗೋಣಿಯಲ್ಲಿ ಕಿತ್ತಳೆ ಬಣ್ಣದ ತೆಳ್ಳಗಿನ ಚಕ್ಕೆ, ಪಕ್ಕದಲ್ಲಿ ಸ್ಪಿರಿಟಿನ ದೊಡ್ಡ ಡ್ರಮ್ಮು. ಎರಡನ್ನೂ ಕಲಸಿ ಡಬ್ಬಿಗೆ ಹಾಕಿ ಚೀಟಿ ಅಂಟಿಸುತ್ತಿದ್ದರು. ಇದನ್ನು ಯಾವ ಫ್ರೆಂಚರವ ಕಳುಹಿಸುತ್ತಾನೆ ಎಂದು ಕೇಳಿದೆ. ಅವರಿಗೆ ನಗು ಬಂತು.

ಒಂದು ಚಕ್ಕೆಯನ್ನು ತೆಗೆದು ಚಿಮಿಣಿ ದೀಪಕ್ಕೆ ಹಿಡಿದರು. ಕರಗಿ ಹೊಗೆ ಬಂತು. ನನ್ನ ಅಪ್ಪ ಕತ್ತಿಗೆ ಹಿಡಿ ಕೂರಿಸುವಾಗ ಮನೆಯೆಲ್ಲ ತುಂಬುತ್ತಿದ್ದ ವಾಸನೆ ಅದು. ಅರಗು! ಅಕ್ಕಸಾಲಿಗರು ಪೊಳ್ಳು ಬಳೆಯೊಳಗೆ ತುಂಬುವ ಅರಗು. ಮರದ ಕೊಂಬೆಗೆ ಮುತ್ತುವ ಹುಳ ಬಿಡುವ ಅಂಟು ಅದು, ಬಿಹಾರದ ಕಡೆಯಿಂದ ಬರುತ್ತದೆ, ಶುದ್ಧ ಮಾಡಿದ ಮೇಲೆ ಈ ಬಣ್ಣ, ನಮ್ಮ ದೇಶದ ಅರಗೇ ಹಡಗು ಹತ್ತಿ ಫ್ರೆಂಚರಿಗೆ ಹೋಗಿದ್ದು ಎಂದು ವಿವರಿಸಿದರು. ಸ್ಪಿರಿಟು ಸಕ್ಕರೆ ಕಾರ್ಖಾನೆಯಲ್ಲಿ ಉಳಿದ ಕಾಕಂಬಿಯದ್ದು. ಹೀಗೆ ಸುತ್ತು ಹಾಕಿ ಉಜ್ಜುವ ಕ್ರಮ ಮಾತ್ರ ಅವರದ್ದಂತೆ, ಹೆಸರು ಅಲ್ಲಿಂದ ಬಂದದ್ದು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಬೇರೆ! ನಾಲ್ಕು ವರ್ಷ ನಾನು ಪೆಟ್ಟು ತಿಂದದ್ದು ಅಪ್ಪನ ಮನೆಯ ಕತ್ತಿಯ ಹಿಡಿಯಲ್ಲಿದ್ದ ವಸ್ತುವಿಗೆ.

ಡಬ್ಬಿ ಕೊಡುವಾಗ ಅವರ ನಗು ನಿಂತಿತು. ಡ್ರಮ್ಮಿನ ಮೇಲಿನ ತಲೆಬುರುಡೆಯ ಚಿತ್ರವನ್ನು ತೋರಿಸಿದರು, ಅದರ ಕೆಳಗೆ ಪಾಯ್ಸನ್ ಎಂದಿರುವುದನ್ನು ನಾನೂ ಕೂಡಿಸಿ ಓದಿದೆ.

"ಇದು ಹೊಸ ನಮೂನೆಯ ಸ್ಪಿರಿಟು. ಇಷ್ಟರವರೆಗೆ ನಿನ್ನ ಗಂಡ ಎಂತ ಮಾಡಿದ್ದಾನೋ ನನಗೆ ಬೇಡ. ಇದನ್ನು ಬಾಯಿಗೆ ಇಟ್ಟರೆ ಕಣ್ಣು ಹೋಗ್ತದೆ, ಜೀವವೂ ಹೋಗ್ತದೆ. ಹೇಳು ಅವನಿಗೆ" ಎಂದರು.

ಹೇಳುತ್ತೇನೆ ಎಂದೆ. ಹೇಳಬೇಕೆಂದೇ ಬಿಸಿಲಿನಲ್ಲಿ ದಡಬಡ ಮನೆಗೆ ಬಂದೆ. ಇದನ್ನು ನೀವು ನಂಬಬೇಕು.

ಜಗಲಿಯಲ್ಲಿ ಮೂವರಿದ್ದರು. ನನ್ನ ಗಂಡ, ಡ್ರೈವರ್, ಮತ್ತು ಸುಳ್ಯ ಕಡೆಯಿಂದ ಮರ ಕೊಯ್ಯಲು ಬರುತ್ತಿದ್ದ ಒಬ್ಬ ಗೌಡರು. ಗೌಡರು ಅಪ್ಪನ ಪ್ರಾಯದವರು, ಮಾತು ಕಡಿಮೆ. ಅತ್ತೆ ಮಗಳ ಮನೆಗೆ ಹೋಗಿದ್ದರು. ನಾನು ಡಬ್ಬಿ ಕೆಳಗಿಟ್ಟೆ. ಮೊದಲು ವಿಷದ ಮಾತನ್ನು ಹೇಳಬೇಕಿತ್ತು. ಆದರೆ ನಾಲಿಗೆಗೆ ಎಲುಬಿಲ್ಲ, ನಾಲ್ಕು ವರ್ಷದ ಸಿಟ್ಟು ಮೊದಲು ಹೊರಗೆ ಬಂತು. ನಿಮ್ಮ ಫ್ರೆಂಚ್ ಬ್ರಾಂದಿಯ ಗುಟ್ಟು ನೋಡಿ ಬಂದೆ, ನೀವು ಕುಡಿಯುವುದು ಬಿಹಾರದ ಹುಳದ ಎಂಜಲು ಮತ್ತು ಗಾಣದ ಕೊಳೆ, ದೊಡ್ಡ ಸಾಹೇಬರು ನೀವು, ಎಂದೆ. ಡ್ರೈವರಿಗೆ ನಗು ತಡೆಯಲಿಲ್ಲ. ಹುಳದ ಎಂಜಲಾ ಚೇಚೀ ಎಂದು ತೊಡೆ ತಟ್ಟಿಕೊಂಡು ನಕ್ಕ. ಅವನ ನಗು ನನ್ನ ಗಂಡನ ಮೇಲೋ ನನ್ನ ಮೇಲೋ ನನಗೆ ಗೊತ್ತಿಲ್ಲ, ಪ್ರಾಯದ ಹುಡುಗ, ನಗುವಂಥದ್ದು ಕೇಳಿ ನಕ್ಕ.

ಮರದ ತುಂಡು ನನ್ನ ಎಡಗಿವಿಗೆ ಬಂದು ಬಿತ್ತು. ಶಬ್ದ ಒಳಗೇ ಒಡೆಯಿತು. ಬಿದ್ದವಳ ಪಕ್ಕೆಗೆ ಒದ್ದರು, ಎರಡು ಸಲವೋ ಮೂರು ಸಲವೋ. ಮಣೆಯ ಅಂಚು ತಾಗಿ ತುಟಿ ಸೀಳಿತು. ಗೌಡರು ನಡುವೆ ಬಂದು ಅವರನ್ನು ದೂಡದಿದ್ದರೆ ಇನ್ನೂ ಆಗುತ್ತಿತ್ತು. ನಾನು ನೆಲದಲ್ಲಿ ಬಿದ್ದಲ್ಲಿಂದ ಡಬ್ಬಿಯನ್ನು ನೋಡಿದೆ. ಕಣ್ಣು ಹೋಗ್ತದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ಮುಚ್ಚಿದೆ. ತುಟಿ ಒಡೆದಿತ್ತು ನಿಜ, ಆದರೆ ಮಾತಾಡಲು ಬರುತ್ತಿತ್ತು. ಹೇಳುವುದಿಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಂಡೇ ಮುಚ್ಚಿದೆ. ಹೋಗಲಿ ಅವರ ಕಣ್ಣು ಎಂದು ಹಾರೈಸಿದೆ.

ಸ್ನೇಹಿತನ ಎದುರು ಮರ್ಯಾದೆ ಹೋದ ಗಂಡಸು ಏನು ಮಾಡುತ್ತಾನೆ? ಅವರು ಜೋರಾಗಿ ಹೇಳಿದರು, ಕಬ್ಬಿನದ್ದಾದರೆ ಇನ್ನೂ ಒಳ್ಳೆಯದೇ ಆಯಿತು, ನಮ್ಮದೇ ಊರಿನ ರಸ, ಹೆದರುವುದು ಯಾಕೆ, ಎಂದು. ತಾವೇ ಉಪ್ಪುನೀರು ಕಲಕಿದರು, ತಾವೇ ಸೋಸಿದರು. ದಿನಕ್ಕೆ ಒಂದು ತೆಂಗಿನ ಗೆರಟೆ ಕುಡಿಯುವವರು ಅವತ್ತು ಎರಡು ಗೆರಟೆ ತುಂಬಿಸಿಕೊಂಡರು.

ಗೌಡರು ನನ್ನನ್ನು ಒಳಗೆ ಎತ್ತಿ ಕೂರಿಸಿ ನೀರು ಕೊಟ್ಟರು. ಅವರ ಕೈ ಹಿಡಿದು, "ನೀವು ಇವತ್ತು ಕುಡಿಯಬೇಡಿ. ಮನೆಗೆ ಹೋಗಿ" ಎಂದೆ. ಯಾಕೆಂದು ಹೇಳಲಿಲ್ಲ. ಹೊಡೆದ ಮನೆಯಲ್ಲಿ ಕೂತು ಕುಡಿಯುವುದು ಸರಿಯಲ್ಲ ಎನ್ನುತ್ತಿದ್ದೇನೆ ಎಂದು ಅವರು ತಿಳಿದಿರಬೇಕು, ತಲೆ ತಗ್ಗಿಸಿ ಅಂಗಳ ಇಳಿದು ಹೋದರು. ಡ್ರೈವರ್ ನನ್ನ ಗಂಡನ ಪಕ್ಕದಲ್ಲಿ ಕೂತಿದ್ದ. ಅವನನ್ನೂ ಒಳಗೆ ಕರೆಯಬಹುದಿತ್ತು, ಒಂದು ಮಾತು ಸಾಕಿತ್ತು. ನಕ್ಕಿದ್ದನಲ್ಲ, ಕರೆಯಲಿಲ್ಲ. ಅವ ಒಂದು ಗೆರಟೆ ಕುಡಿದ, ಆಮೇಲೆ ಇನ್ನೊಂದು.

ಮರುದಿನ ಬೆಳಗ್ಗೆ ನನ್ನ ಗಂಡ ಎದ್ದು, ಮನೆಯೊಳಗೆ ಯಾಕೆ ಇಷ್ಟು ಹೊಗೆ ಮಾಡಿದ್ದಿ ಎಂದು ಕೇಳಿದರು. ನಾನು ಒಲೆಯನ್ನೇ ಹಚ್ಚಿರಲಿಲ್ಲ. ಬಾಗಿಲು ತೆಗೆ ಎಂದರು, ಬಾಗಿಲು ತೆಗೆದೇ ಇತ್ತು. ನಾನು ಆಟವಾಡುತ್ತಿದ್ದೇನೆಂದು ಕೈ ಬೀಸಿದರು, ಅದು ಕಂಬಕ್ಕೆ ತಾಗಿತು. ಆಮೇಲೆ ವಾಂತಿ, ಹೊಟ್ಟೆ ಹಿಡಿದುಕೊಂಡು ಹೊರಳಾಟ, ಕಣ್ಣು ಕಾಣುವುದಿಲ್ಲ ಎಂಬ ಬೊಬ್ಬೆ. ಅಂಗಡಿಯವರ ಜೀಪಿನಲ್ಲಿ ಆಸ್ಪತ್ರೆಗೆ ಹಾಕಿದೆವು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ.

ಡ್ರೈವರ್ ಕಡಬದ ದಾರಿಯಲ್ಲಿ ಲಾರಿ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ಬಿದ್ದಿದ್ದನಂತೆ. ಮನೆಗೆ ಎತ್ತಿಕೊಂಡು ಹೋದರು. ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾನು ಓಡಿ ಹೋಗುವಾಗ ಅವನನ್ನು ನಾಲ್ವರು ಅದುಮಿ ಹಿಡಿದಿದ್ದರು, ಮೈ ಬಿಲ್ಲಿನ ಹಾಗೆ ಬಗ್ಗುತ್ತಿತ್ತು, ಉಸಿರು ಗಂಟಲಲ್ಲಿ ಗೊರಗೊರ ಎನ್ನುತ್ತಿತ್ತು. ಸಂಜೆಯ ಒಳಗೆ ಮುಗಿಯಿತು. ಅವನ ಹೆಂಡತಿ ಆರು ತಿಂಗಳ ಬಸುರಿ, ನನ್ನ ಹೆಗಲಿಗೆ ತಲೆ ಕೊಟ್ಟು ಅತ್ತಳು. ನನ್ನ ಒಡೆದ ತುಟಿ ನೋಡಿ, ಚೇಚಿಗೂ ಎಷ್ಟು ಕಷ್ಟ ಎಂದು ಆ ಸ್ಥಿತಿಯಲ್ಲೂ ಸೆರಗಿನಲ್ಲಿ ಒರೆಸಿದಳು.

ಪೊಲೀಸರು ವಿಚಾರಣೆಗೆ ಬಂದರು. ಅಂಗಡಿಯ ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕುಡಿಯುತ್ತಾರೆಂದು ಗೊತ್ತಿದ್ದೂ ಮಾರಿದೆ ಎಂದು ಅವರು ಹೇಳುವ ಹಾಗಿಲ್ಲ, ಗೊತ್ತಿದ್ದೂ ಕುಡಿಯಲು ಬಿಟ್ಟೆ ಎಂದು ನಾನು ಹೇಳುವ ಹಾಗಿಲ್ಲ. ಮೇಜಿನ ಪಾಲಿಶನ್ನು ಬುದ್ಧಿಯಿಲ್ಲದೆ ಕುಡಿದರು ಎಂದು ಬರೆದುಕೊಂಡು ಹೋದರು.

ಆಮೇಲೆ ಹೊಟ್ಟೆಪಾಡಿಗೆ ಪಾಲಿಶಿನ ಉಂಡೆ ಹಿಡಿದವಳು ನಾನು. ಕಲಿಸಿದವರು ಅವರೇ. ಕಾಣದ ಕಣ್ಣಿನಲ್ಲಿ ಪಕ್ಕದಲ್ಲಿ ಕೂತು, ಅಂಗೈಯನ್ನು ಮೇಜಿನ ಮೇಲೆ ಆಡಿಸಿ, ಇಲ್ಲಿ ಎರಡು ಸುತ್ತು ಕಡಿಮೆ, ಇಲ್ಲಿ ಎಣ್ಣೆ ಜಾಸ್ತಿ ಎನ್ನುತ್ತಿದ್ದರು. ಒಮ್ಮೆಯೂ ತಪ್ಪಾಗುತ್ತಿರಲಿಲ್ಲ. ನನಗೆ ಎಡಗಿವಿ ಕೇಳುತ್ತಿರಲಿಲ್ಲವಾದ್ದರಿಂದ ಬಲಕ್ಕೆ ಕೂರುತ್ತಿದ್ದರು. ಹೊಡೆಯುವುದು ನಿಂತಿತು. ಕಾಣದ್ದಕ್ಕೆ ನಿಂತಿತೋ ಬೇಡವೆಂದು ನಿಂತಿತೋ ನಾನು ಕೇಳಲಿಲ್ಲ. ಹೀಗೆ ಏಳು ವರ್ಷ.

ಪಾನನಿಷೇಧ ಹೋಗಿ ಪುತ್ತೂರಿನಲ್ಲಿ ಪುನಃ ಗಡಂಗು ತೆರೆದ ವರ್ಷ ಗೌಡರು ಬಂದರು. ಸರಕಾರದ ಸಾರಾಯಿ ಎರಡು ಗ್ಲಾಸು ಹಾಕಿ ಬಂದಿದ್ದರು. ಹೊಟ್ಟೆಯೊಳಗೆ ಏಳು ವರ್ಷ ಇಟ್ಟದ್ದನ್ನು ಎರಡು ಗ್ಲಾಸು ಹೊರಗೆ ತಂದಿತು. ಅವತ್ತು ಈ ತಂಗಿ ಕುಡಿಯಬೇಡಿ ಎಂದು ಕೈ ಹಿಡಿಯದಿದ್ದರೆ ನನ್ನ ಕಣ್ಣೂ ಹೋಗುತ್ತಿತ್ತು, ನನ್ನ ಪಾಲಿಗೆ ದೇವರು ಇವಳು ಎಂದು ನನ್ನ ಗಂಡನಿಗೆ ಹೇಳಿ ಕಣ್ಣೀರು ಹಾಕಿದರು. ಪಾಲಿಶ್ ಹಾಕುತ್ತಿದ್ದ ನನ್ನ ಕೈ ಕುರ್ಚಿಯ ಮೇಲೆ ನಿಂತಿತು.

ಗೌಡರು ಅಂಗಳ ಇಳಿದು ಹೋದರು. ಆಮೇಲೆ ಗಂಡ ಕೇಳಿದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಅಂಗಡಿಯವರು ಹೇಳಿದ್ದರು."

"ಮತ್ತೆ?"

"ಹೇಳಲಿಕ್ಕೇ ಬಂದದ್ದು. ನೀವು ಹೊಡೆದಿರಿ. ಹೇಳಲಿಲ್ಲ."

ಮರದ ತುಂಡು ಅವರ ಮೊಣಕಾಲಿನ ಹತ್ತಿರವೇ ಇತ್ತು. ನಾನು ಕೂತಲ್ಲಿಂದ ಏಳಲಿಲ್ಲ, ಬೇಕೆಂದೇ ಏಳಲಿಲ್ಲ. ಹೊಡೆಯಲಿ ಎಂದು ಕಾದೆ, ನಿಜ ಹೇಳಬೇಕೆಂದರೆ ಹೊಡೆದರೆ ಚೆನ್ನಾಗಿತ್ತು ಎಂದು ಆಸೆಪಟ್ಟೆ. ಅವರು ಕುರ್ಚಿಯ ಕೈಯನ್ನು ತಡವಿ ನೋಡಿ, "ಹಾಗಾದರೆ ಸರಿ. ನಮ್ಮಿಬ್ಬರ ಲೆಕ್ಕ ಅಲ್ಲಿಗೆ ಆಯಿತು" ಎಂದರು. ಅಷ್ಟೆ. ನನಗೆ ಆ ಮಾತಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಆ ವಾರವೇ ಡ್ರೈವರನ ಹೆಂಡತಿ ಬಂದಳು, ಅವಳ ಕೈ ಹಿಡಿದುಕೊಂಡು ಅಪ್ಪನನ್ನು ನೋಡದ ಮಗ. ವರ್ಷಕ್ಕೊಮ್ಮೆ ಬರುತ್ತಿದ್ದಳು, ಬರುವಾಗ 'ಚೇಚಿಗೆ' ಎಂದು ಒಂದು ಬುಟ್ಟಿ ಮರಗೆಣಸು ಹೊತ್ತು ತರುತ್ತಿದ್ದಳು. ಗಂಡ ಸಾಯುವ ದಿನ ಪುತ್ತೂರಿನಿಂದ ಓಡಿ ಬಂದವಳು ನಾನೊಬ್ಬಳೇ ಎಂದು ಊರೆಲ್ಲ ಹೇಳಿಕೊಂಡಿದ್ದಳಂತೆ. ಬುಟ್ಟಿ ಇಳಿಸಿ ಬೆವರು ಒರೆಸುತ್ತ ಕೂತಳು. ಇವತ್ತು ಹೇಳಿಬಿಡುತ್ತೇನೆ ಎಂದು ನಾನು ಅವಳ ಎದುರು ಹೋಗಿ ಕೂತೆ. ನಿನ್ನಲ್ಲಿ ಒಂದು ಮಾತು ಹೇಳಲಿಕ್ಕುಂಟು ಎಂದು ಶುರು ಮಾಡಿದೆ.

ಒಳಗಿನಿಂದ ನನ್ನ ಗಂಡ ಗಟ್ಟಿಯಾಗಿ ಕೂಗಿದರು. "ಅವಳಿಗೆ ಕಾಫಿ ಮಾಡಿ ಕೊಡು."

ಅವರ ದನಿ ನನ್ನ ಬಲಗಿವಿಗೆ ಸರಿಯಾಗಿ ಕೇಳಿತು. ನನ್ನನ್ನು ಕಾಪಾಡಲು ಆ ಮನುಷ್ಯ ಜೀವಮಾನದಲ್ಲಿ ಆಡಿದ ಒಂದೇ ಮಾತು ಅದು. ನಾನು ಎದ್ದೆ. ಒಲೆ ಹಚ್ಚಿದೆ. ನನಗೆ ಹೊಡೆದವರು ಒಳಗೆ ಜೀವಂತ ಕೂತಿದ್ದರು, ಸತ್ತವನು ನನ್ನ ಮೇಲೆ ಎಂದೂ ಕೈ ಎತ್ತಿದವನಲ್ಲ. ಕಾಫಿಗೆ ಬೆಲ್ಲ ಸ್ವಲ್ಪ ಜಾಸ್ತಿ ಹಾಕಿ ಅವಳಿಗೆ ಕೊಟ್ಟೆ. ಅವಳು ಅರ್ಧ ಕುಡಿದು, ಉಳಿದದ್ದನ್ನು ಆರಿಸಿ ಮಗನಿಗೆ ಕುಡಿಯಲು ಕೊಟ್ಟಳು.